ಕಾಕ್ಲಿಯರ್ ಇಂಪ್ಲಾಂಟ್ ಮತ್ತು ಶಬ್ದದ ಗಟ್ಟಿತನ: ಒಂಬತ್ತನೇ ತರಗತಿಯ ‘ಶಬ್ದ’ ಪಾಠಕ್ಕೊಂದು ಪೂರಕ ವಿವರಣೆ

‘ಶಬ್ದ’ ಘಟಕವನ್ನು ಬೋಧಿಸುವಾಗ ತೀವ್ರತೆ ಮತ್ತು ಗಟ್ಟಿತನ ಎಂಬ ಎರಡು ಪದಗಳು ಒಂದರ ಹಿಂದೊಂದು ಬರುತ್ತವೆ. ಏಕಮಾನ ವಿಸ್ತೀರ್ಣದ ಮೂಲಕ ಒಂದು ಸೆಕೆಂಡಿನಲ್ಲಿ ಹಾಯುವ ಶಬ್ದಶಕ್ತಿ ತೀವ್ರತೆ. ಆ ಶಬ್ದಕ್ಕೆ ಕಿವಿ ತೋರುವ ಪ್ರತಿಕ್ರಿಯೆ ಗಟ್ಟಿತನ. ಮಕ್ಕಳು ಈ ವ್ಯಾಖ್ಯೆಗಳನ್ನು ಬಾಯಿಪಾಠ ಒಪ್ಪಿಸುತ್ತಾರೆ. ಆದರೆ ‘ಎರಡೂ ಒಂದೇ ಅಲ್ಲವೇ?’ ಎಂದು ಕೇಳಿದರೆ ಹೆಚ್ಚಿನವರು ‘ಹೌದು’ ಎನ್ನುತ್ತಾರೆ. ಅದರಲ್ಲಿ ಅವರ ತಪ್ಪಿಲ್ಲ. ಆರೋಗ್ಯವಂತ ಕಿವಿಯಲ್ಲಿ ಒಂದು ಹೆಚ್ಚಿದಂತೆ ಇನ್ನೊಂದೂ ಹೆಚ್ಚುವುದರಿಂದ, ಅವೆರಡು ಬೇರೆ ಎಂದು ತೋರಿಸುವ ಸಂದರ್ಭ ತರಗತಿಯಲ್ಲಿ ಸುಲಭವಾಗಿ ಸಿಗುವುದಿಲ್ಲ.

ಅಂಥ ಒಂದು ಸಂದರ್ಭ ಕಾಕ್ಲಿಯರ್ ಇಂಪ್ಲಾಂಟ್. ಅಲ್ಲಿ ಶಬ್ದದ ತೀವ್ರತೆಯನ್ನು ಒಂದು ಯಂತ್ರ ಅಳೆಯುತ್ತದೆ. ಕೇಳುವವರಿಗೆ ಅದು ಎಷ್ಟು ಗಟ್ಟಿಯಾಗಿ ಕೇಳಿಸಬೇಕು ಎಂಬುದನ್ನು ಇಂಜಿನಿಯರ್ ಮತ್ತು ಶ್ರವಣತಜ್ಞರು ಕುಳಿತು ನಿರ್ಧರಿಸಬೇಕು. ತೀವ್ರತೆ ತಾನಾಗಿಯೇ ಗಟ್ಟಿತನವಾಗುವುದಿಲ್ಲ. ವಸಂತಪುರದ ಒಂದು ಪ್ರೌಢಶಾಲೆಯಲ್ಲಿ ಬೋಧನಾಭ್ಯಾಸ ಮಾಡುವಾಗ ನನ್ನ ತರಗತಿಯಲ್ಲಿ ಇಂಪ್ಲಾಂಟ್ ಧರಿಸಿದ ಒಬ್ಬ ವಿದ್ಯಾರ್ಥಿನಿ ಇದ್ದಳು. ಅವಳ ಪಕ್ಕದ ಬೆಂಚಿನ ಹುಡುಗಿ ಕೇಳಿದ ಪ್ರಶ್ನೆ ಇದು: “ಮಿಸ್, ಅವಳ ಹತ್ರ ಜೋರಾಗಿ ಮಾತಾಡ್ಬೇಕಾ?” ಈ ಲೇಖನ ಆ ಪ್ರಶ್ನೆಗೆ ಭೌತಶಾಸ್ತ್ರದ ಮೂಲಕ ಕೊಡಬಹುದಾದ ಉತ್ತರ.

ಇದು ಯಾರಿಗೆ ಬೇಕು?

ಶ್ರವಣದೋಷವುಳ್ಳ ಮಕ್ಕಳು ವಿಶೇಷ ಶಾಲೆಗೆ ಮಾತ್ರ ಹೋಗುತ್ತಾರೆ ಎಂಬ ಕಾಲ ಕಳೆದಿದೆ. ವಿಕಲಚೇತನರ ಹಕ್ಕುಗಳ ಕಾಯ್ದೆ, 2016 ಸಮನ್ವಯ ಶಿಕ್ಷಣವನ್ನು ಹಕ್ಕಾಗಿ ಗುರುತಿಸಿದೆ. ಕೇಂದ್ರದ ಎಡಿಐಪಿ ಯೋಜನೆ ಹಾಗೂ ಕರ್ನಾಟಕ ಸರ್ಕಾರದ ‘ಶ್ರವಣ ಸಂಜೀವಿನಿ’ ಕಾರ್ಯಕ್ರಮಗಳ ಮೂಲಕ ಬಡ ಕುಟುಂಬಗಳ ಪುಟ್ಟ ಮಕ್ಕಳಿಗೂ ಇಂಪ್ಲಾಂಟ್ ದೊರೆಯುತ್ತಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ಡಾ. ಎಸ್. ಆರ್. ಚಂದ್ರಶೇಖರ್ ವಾಕ್ ಶ್ರವಣ ಸಂಸ್ಥೆಯಂಥ ಕೇಂದ್ರಗಳಲ್ಲಿ ಕಲಿತ ಶ್ರವಣತಜ್ಞರು ನಮ್ಮ ನಡುವೆ ಇದ್ದಾರೆ. ಆದರೆ ತಜ್ಞರು ಮಗುವನ್ನು ನೋಡುವುದು ತಿಂಗಳಿಗೋ ವರ್ಷಕ್ಕೋ ಕೆಲವು ಬಾರಿ. ದಿನಕ್ಕೆ ಐದಾರು ಗಂಟೆ ನೋಡುವವರು ಶಿಕ್ಷಕರು. ಆದ್ದರಿಂದ ಯಂತ್ರದೊಳಗೆ ಏನು ನಡೆಯುತ್ತದೆ ಎಂಬ ಸ್ಥೂಲ ತಿಳಿವಳಿಕೆ ನಮಗೆ ಅಗತ್ಯ.

ಯಂತ್ರದ ಭಾಗಗಳು

ಆರೋಗ್ಯವಂತ ಕಿವಿಯಲ್ಲಿ ಶಬ್ದದ ಕಂಪನ ತಮಟೆಯಿಂದ ಮೂರು ಪುಟ್ಟ ಮೂಳೆಗಳ ಮೂಲಕ ಕಾಕ್ಲಿಯಾ ಎಂಬ ಬಸವನಹುಳುವಿನಾಕಾರದ ಅಂಗಕ್ಕೆ ತಲಪುತ್ತದೆ. ಅಲ್ಲಿನ ಕೂದಲುಕೋಶಗಳು ಕಂಪನವನ್ನು ವಿದ್ಯುತ್ ಸಂಕೇತವಾಗಿಸಿ, ಸುಮಾರು 30,000 ಎಳೆಗಳಿರುವ ಶ್ರವಣನರಕ್ಕೆ ಕೊಡುತ್ತವೆ. ತೀವ್ರ ಶ್ರವಣದೋಷವುಳ್ಳ ಬಹುಪಾಲು ಮಕ್ಕಳಲ್ಲಿ ಹಾಳಾಗಿರುವುದು ಕೂದಲುಕೋಶಗಳು, ನರ ಉಳಿದಿರುತ್ತದೆ. ಸಾಮಾನ್ಯ ಶ್ರವಣಸಾಧನ ಶಬ್ದವನ್ನು ದೊಡ್ಡದು ಮಾಡಿ ಅದೇ ಕೂದಲುಕೋಶಗಳಿಗೆ ಕೊಡುತ್ತದೆ. ಇಂಪ್ಲಾಂಟ್ ಆ ಕೋಶಗಳನ್ನು ಬದಿಗಿಟ್ಟು ನೇರವಾಗಿ ನರವನ್ನೇ ವಿದ್ಯುತ್ತಿನಿಂದ ಪ್ರಚೋದಿಸುತ್ತದೆ.

ಕಿವಿಯ ಹಿಂದಿನ ಸಂಸ್ಕಾರಕದಲ್ಲಿರುವ ಮೈಕ್ ಶಬ್ದವನ್ನು ಹಿಡಿಯುತ್ತದೆ. ಸಂಸ್ಕಾರಕ ಅದನ್ನು ಆವೃತ್ತಿಗೆ ಅನುಗುಣವಾಗಿ ಹಲವು ಪಟ್ಟಿಗಳಾಗಿ ವಿಂಗಡಿಸುತ್ತದೆ. ತಲೆಗೆ ಅಯಸ್ಕಾಂತದಿಂದ ಅಂಟಿದ ಸುರುಳಿಯ ಮೂಲಕ ಮಾಹಿತಿ ಚರ್ಮದಾಚೆ ಒಳಗಿನ ಭಾಗಕ್ಕೆ ಹೋಗುತ್ತದೆ. ಅಲ್ಲಿಂದ ಕಾಕ್ಲಿಯಾದೊಳಗೆ ಸೇರಿಸಿದ ತೆಳು ತಂತಿಯಲ್ಲಿರುವ ಎಲೆಕ್ಟ್ರೋಡ್‌ಗಳಿಗೆ ವಿದ್ಯುತ್ ಮಿಡಿತಗಳು ಹರಿಯುತ್ತವೆ. ತಯಾರಕರನ್ನು ಅವಲಂಬಿಸಿ ಎಲೆಕ್ಟ್ರೋಡ್‌ಗಳ ಸಂಖ್ಯೆ ಸಾಮಾನ್ಯವಾಗಿ 12, 16 ಅಥವಾ 22. ಯಾವ ಎಲೆಕ್ಟ್ರೋಡ್ ಮಿಡಿಯಿತು ಎಂಬುದು ಸ್ಥಾಯಿಯನ್ನು, ಎಷ್ಟು ವಿದ್ಯುತ್ ಹರಿಯಿತು ಎಂಬುದು ಗಟ್ಟಿತನವನ್ನು ಸೂಚಿಸುತ್ತದೆ. ನಮ್ಮ ವಿಷಯ ಎರಡನೆಯದು.

ದೊಡ್ಡ ಪಟ್ಟಿ, ಚಿಕ್ಕ ಪಟ್ಟಿ

ಆರೋಗ್ಯವಂತ ಕಿವಿ ಕೇಳಬಲ್ಲ ಅತಿ ಮೆಲ್ಲನೆಯ ಶಬ್ದದಿಂದ ನೋವು ಕೊಡುವ ಶಬ್ದದವರೆಗಿನ ಅಂತರ ಸುಮಾರು 120 ಡೆಸಿಬೆಲ್. ವಿದ್ಯುತ್ತಿನಿಂದ ಪ್ರಚೋದಿತವಾದ ನರದಲ್ಲಿ, ‘ಈಗಷ್ಟೇ ಕೇಳಿಸಿತು’ ಎಂಬಲ್ಲಿಂದ ‘ಇನ್ನು ಸಾಕು’ ಎಂಬವರೆಗಿನ ಅಂತರ ಸಾಮಾನ್ಯವಾಗಿ 10ರಿಂದ 20 ಡೆಸಿಬೆಲ್ ಮಾತ್ರ. ಏಕೆ? ಹೊರ ಕೂದಲುಕೋಶಗಳು ಮೆಲ್ಲನೆಯ ಶಬ್ದಕ್ಕೆ ಬಲ ಕೊಟ್ಟು, ಜೋರಾದ ಶಬ್ದವನ್ನು ಅಷ್ಟಾಗಿ ಬೆಳೆಸದೆ ಬಿಟ್ಟು, ವ್ಯಾಪ್ತಿಯನ್ನು ಹದಗೊಳಿಸುತ್ತವೆ. ನರದ ಎಳೆಗಳಲ್ಲಿಯೂ ಕೆಲವು ಬೇಗ, ಕೆಲವು ತಡವಾಗಿ ಎಚ್ಚರಗೊಳ್ಳುತ್ತವೆ. ವಿದ್ಯುತ್ ಈ ಎಲ್ಲ ಏರ್ಪಾಡನ್ನು ದಾಟಿಕೊಂಡು ಬರುತ್ತದೆ. ಹತ್ತಿರದ ಎಳೆಗಳೆಲ್ಲ ಒಟ್ಟಿಗೇ ಎದ್ದು ಕೂರುತ್ತವೆ. ಹೀಗಾಗಿ ಪ್ರವಾಹವನ್ನು ಸ್ವಲ್ಪವೇ ಏರಿಸಿದರೂ ಗಟ್ಟಿತನ ಥಟ್ಟನೆ ಏರುತ್ತದೆ.

ಇದನ್ನು ತರಗತಿಯಲ್ಲಿ ಕಾಗದದ ಪಟ್ಟಿಗಳಿಂದ ಮಾಡಿಸಬಹುದು. ಖರ್ಚಿಲ್ಲದ ಬೋಧನೋಪಕರಣ ಇದು. ಪ್ರತಿ ಗುಂಪಿಗೆ 60 ಸೆಂಟಿಮೀಟರ್ ಉದ್ದದ ಒಂದು ಪಟ್ಟಿ, 12 ಸೆಂಟಿಮೀಟರ್ ಉದ್ದದ ಇನ್ನೊಂದು ಪಟ್ಟಿ ಕೊಡಿ. ಒಂದು ಸೆಂಟಿಮೀಟರ್ ಎಂದರೆ ಒಂದು ಡೆಸಿಬೆಲ್. ದೊಡ್ಡ ಪಟ್ಟಿ 25ರಿಂದ 85 ಡೆಸಿಬೆಲ್‌ವರೆಗಿನ ಹೊರಗಿನ ಜಗತ್ತು. ಅದರ ಮೇಲೆ ಪಿಸುಮಾತನ್ನು 30ರಲ್ಲಿ, ಸಾಮಾನ್ಯ ಮಾತನ್ನು 60ರಲ್ಲಿ, ಕೂಗನ್ನು 80ರಲ್ಲಿ ಗುರುತಿಸಲಿ. ಚಿಕ್ಕ ಪಟ್ಟಿ ಮಗುವಿನ ನರ. ಈಗ ಪ್ರಶ್ನೆ: ದೊಡ್ಡ ಪಟ್ಟಿಯಲ್ಲಿರುವುದನ್ನು ಚಿಕ್ಕದರಲ್ಲಿ ಹೇಗೆ ತುಂಬಿಸುತ್ತೀರಿ?

ಕೆಲವು ಗುಂಪುಗಳು ದೊಡ್ಡ ಪಟ್ಟಿಯಿಂದ 12 ಸೆಂಟಿಮೀಟರ್ ಕತ್ತರಿಸಿ ಅಂಟಿಸುತ್ತವೆ. ಆಗ ಕೆಳಗಿನ ಶಬ್ದಗಳೆಲ್ಲ ಮೌನ. ಮೇಲಿನವೆಲ್ಲ ಒಂದೇ ಮಟ್ಟದ ಗದ್ದಲ. ಇನ್ನು ಕೆಲವು ಗುಂಪುಗಳು ಐದಕ್ಕೆ ಒಂದರಂತೆ ಕುಗ್ಗಿಸುತ್ತವೆ: ಪಿಸುಮಾತು 1 ಸೆಂಟಿಮೀಟರ್‌ಗೆ, ಮಾತು 7ಕ್ಕೆ, ಕೂಗು 11ಕ್ಕೆ ಬರುತ್ತದೆ. ಎಲ್ಲವೂ ಉಳಿಯಿತು, ಆದರೆ ಒತ್ತೊತ್ತಾಗಿ. ಈಗ ಮಕ್ಕಳ ಕೈಗೆ ಪೆನ್ಸಿಲ್ ಬದಲು ದಪ್ಪನೆಯ ಸ್ಕೆಚ್ ಪೆನ್ ಕೊಡಿ. ದೊಡ್ಡ ಪಟ್ಟಿಯಲ್ಲಿ ಬೇರೆ ಬೇರೆಯಾಗಿ ಕಾಣುತ್ತಿದ್ದ ಗೆರೆಗಳು ಚಿಕ್ಕದರಲ್ಲಿ ಒಂದರ ಮೇಲೊಂದು ಕೂರುತ್ತವೆ. ಗೆರೆಯ ದಪ್ಪ ಎಂದರೆ ‘ಇದು ಅದಕ್ಕಿಂತ ಗಟ್ಟಿ’ ಎಂದು ಗುರುತಿಸಲು ಬೇಕಾದ ಕನಿಷ್ಠ ವ್ಯತ್ಯಾಸ. ಆರೋಗ್ಯವಂತ ಕಿವಿಗೆ ಅದು ಸುಮಾರು ಒಂದು ಡೆಸಿಬೆಲ್. ಇಂಪ್ಲಾಂಟ್ ಬಳಕೆದಾರರಲ್ಲಿ ನೆಲ್ಸನ್ ಮತ್ತು ಸಂಗಡಿಗರು 1996ರಲ್ಲಿ ಅಳೆದಾಗ, ಇಡೀ ವಿದ್ಯುತ್ ವ್ಯಾಪ್ತಿಯಲ್ಲಿ ಗುರುತಿಸಬಲ್ಲ ಮೆಟ್ಟಿಲುಗಳು ಸುಮಾರು 7ರಿಂದ 45ರವರೆಗೆ ಇದ್ದವು. ಇಬ್ಬರು ಬಳಕೆದಾರರ ನಡುವೆ ಇಷ್ಟು ಅಂತರ ಇರಬಹುದೆಂಬುದನ್ನು ಶಿಕ್ಷಕರು ನೆನಪಿಡಬೇಕು.

ಪ್ರಚೋದನೆಯನ್ನು ವಿನ್ಯಾಸ ಮಾಡುವವರ ಮುಂದೆ ಇರುವುದೂ ಇದೇ ಮೂರು ಕೆಲಸ: ಪಟ್ಟಿಯನ್ನು ಸರಿಯಾಗಿ ಕುಗ್ಗಿಸುವುದು, ಚಿಕ್ಕ ಪಟ್ಟಿಯನ್ನು ಉದ್ದ ಮಾಡುವುದು, ಗೆರೆಯನ್ನು ತೆಳುವಾಗಿಸುವುದು.

ಮೊದಲ ಕೆಲಸ: ಕುಗ್ಗಿಸುವುದು

ಒಂದು ಉದಾಹರಣೆ ಲೆಕ್ಕ ನೋಡೋಣ. ಒಂದು ಎಲೆಕ್ಟ್ರೋಡ್‌ನಲ್ಲಿ 100 ಮೈಕ್ರೋ ಆಂಪಿಯರ್ ಹರಿದಾಗ ಮಗುವಿಗೆ ಈಗಷ್ಟೇ ಕೇಳಿಸುತ್ತದೆ, 400 ಹರಿದಾಗ ಗಟ್ಟಿಯಾದರೂ ಹಿತವಾಗಿ ಕೇಳಿಸುತ್ತದೆ ಎಂದಿಟ್ಟುಕೊಳ್ಳಿ. ಮೊದಲನೆಯದು ‘ಟಿ’ ಮಟ್ಟ, ಎರಡನೆಯದು ‘ಸಿ’ ಮಟ್ಟ. ಪ್ರವಾಹ ನಾಲ್ಕು ಪಟ್ಟು, ಅಂದರೆ 12 ಡೆಸಿಬೆಲ್. ಹೊರಗಿನ 60 ಡೆಸಿಬೆಲ್ ವ್ಯಾಪ್ತಿಯಲ್ಲಿ ಶಬ್ದದ ಒತ್ತಡ ಸಾವಿರ ಪಟ್ಟು ಬದಲಾಗುತ್ತದೆ. ಸಾವಿರ ಪಟ್ಟನ್ನು ನಾಲ್ಕು ಪಟ್ಟಿನೊಳಗೆ ಕೂರಿಸಬೇಕು.

ಒತ್ತಡಕ್ಕೆ ನೇರ ಅನುಪಾತದಲ್ಲಿ ಪ್ರವಾಹ ಏರಿಸಿದರೆ ಏನಾಗುತ್ತದೆ? ವ್ಯಾಪ್ತಿಯ ನಟ್ಟನಡುವೆ, ತಳದಿಂದ 30 ಡೆಸಿಬೆಲ್ ಮೇಲಿರುವ ಶಬ್ದದ ಒತ್ತಡ ತಳದ ಸುಮಾರು 31.6 ಪಟ್ಟು. ಅದಕ್ಕೆ ಸಿಗುವ ಪ್ರವಾಹ ಸುಮಾರು 109 ಮೈಕ್ರೋ ಆಂಪಿಯರ್. ಅರ್ಧ ಏಣಿ ಹತ್ತಿದರೂ ಮಗುವಿಗೆ ಕೇಳಿಸಿಯೂ ಕೇಳಿಸದಂತೆ. 45 ಡೆಸಿಬೆಲ್ ಮೇಲೇರಿದರೂ ಸುಮಾರು 153 ಮಾತ್ರ. ಕೊನೆಯ ಕೆಲವು ಡೆಸಿಬೆಲ್‌ಗಳಲ್ಲಿ ಉಳಿದ ಪ್ರವಾಹವೆಲ್ಲ ಒಮ್ಮೆಲೇ ನುಗ್ಗುತ್ತದೆ. ಬದಲಿಗೆ ಒತ್ತಡದ ಲಘುಗಣಕಕ್ಕೆ, ಅಂದರೆ ಡೆಸಿಬೆಲ್‌ಗೆ, ಅನುಪಾತವಾಗಿ ಪ್ರವಾಹ ಕೊಟ್ಟರೆ ನಡುವಿನ ಶಬ್ದಕ್ಕೆ 250, 45ರದಕ್ಕೆ 325 ಮೈಕ್ರೋ ಆಂಪಿಯರ್ ಸಿಗುತ್ತದೆ.

ಇದು ಲೆಕ್ಕದ ಅನುಕೂಲ ಮಾತ್ರವಲ್ಲ. ಸಹಜ ಕಿವಿಯಲ್ಲಿ ಗಟ್ಟಿತನ ಒತ್ತಡದ ಒಂದು ಘಾತವಾಗಿ ಬೆಳೆಯುತ್ತದೆ. ಸ್ಥೂಲವಾಗಿ ಪ್ರತಿ 10 ಡೆಸಿಬೆಲ್‌ಗೆ ಗಟ್ಟಿತನ ಇಮ್ಮಡಿ. ವೇಗದ ಮಿಡಿತಗಳ ವಿದ್ಯುತ್ ಪ್ರಚೋದನೆಯಲ್ಲಿ ಗಟ್ಟಿತನ ಪ್ರವಾಹದೊಂದಿಗೆ ಘಾತೀಯವಾಗಿ ಏರುತ್ತದೆ ಎಂಬುದನ್ನು ಜೆಂಗ್ ಮತ್ತು ಶಾನನ್ 1990ರ ದಶಕದಲ್ಲಿ ತೋರಿಸಿದರು. ಘಾತೀಯ ಏರಿಕೆಯ ಮುಂದೆ ಲಘುಗಣಕ ಇಟ್ಟರೆ ಎರಡೂ ಒಂದನ್ನೊಂದು ಸರಿದೂಗಿಸಿ, ಸಹಜ ಕಿವಿಯ ಘಾತನಿಯಮವೇ ಮರಳಿ ಸಿಗುತ್ತದೆ. ಪಿಯುಸಿಯಲ್ಲಿ ‘ಲಘುಗಣಕ ಯಾಕೆ ಕಲಿಯಬೇಕು?’ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ.

ಎರಡನೆಯ ಕೆಲಸ: ಪಟ್ಟಿಯನ್ನು ಉದ್ದ ಮಾಡುವುದು

ನರ ಸ್ಪಂದಿಸುವುದು ಮುಖ್ಯವಾಗಿ ಒಂದು ಮಿಡಿತದಲ್ಲಿ ತಲಪಿದ ವಿದ್ಯುದಾವೇಶಕ್ಕೆ. ಆವೇಶವೆಂದರೆ ಪ್ರವಾಹ ಗುಣಿಸು ಕಾಲ. 200 ಮೈಕ್ರೋ ಆಂಪಿಯರ್ 25 ಮೈಕ್ರೋ ಸೆಕೆಂಡ್ ಹರಿದರೂ, 100 ಮೈಕ್ರೋ ಆಂಪಿಯರ್ 50 ಮೈಕ್ರೋ ಸೆಕೆಂಡ್ ಹರಿದರೂ ಆವೇಶ 5 ನ್ಯಾನೋ ಕೂಲಂಬ್. ಆದ್ದರಿಂದ ಗಟ್ಟಿತನ ಏರಿಸಲು ಮಿಡಿತವನ್ನು ಎತ್ತರ ಮಾಡಬಹುದು, ಅಥವಾ ಅಗಲ ಮಾಡಬಹುದು. ಎರಡರ ಫಲ ಪೂರ್ತಿ ಸಮವಲ್ಲ: ನರದ ಪೊರೆ ಸೋರುವ ಕೊಡದಂತೆ, ನಿಧಾನವಾಗಿ ತುಂಬಿಸಿದರೆ ಸ್ವಲ್ಪ ಸೋರಿಹೋಗಿ ಹೆಚ್ಚು ಆವೇಶ ಬೇಕಾಗುತ್ತದೆ. ಆದರೂ ಪ್ರವಾಹದ ಮಿತಿ ಮುಟ್ಟಿದಾಗ ಮಿಡಿತವನ್ನು ಅಗಲಿಸುವುದು ಶ್ರವಣತಜ್ಞರಿಗೆ ಲಭ್ಯವಿರುವ ದಾರಿ.

ಪ್ರತಿ ಮಿಡಿತಕ್ಕೂ ಎರಡು ಭಾಗ: ಒಂದು ಧನ, ಒಂದು ಋಣ, ಎರಡರ ಆವೇಶ ಸಮ. ಒಂದೇ ದಿಕ್ಕಿನ ಪ್ರವಾಹ ಉಳಿದರೆ ರಾಸಾಯನಿಕ ಕ್ರಿಯೆ ನಡೆದು ಅಂಗಾಂಶಕ್ಕೆ ಹಾನಿಯಾಗುತ್ತದೆ. ಹತ್ತನೇ ತರಗತಿಯ ವಿದ್ಯುದ್ವಿಭಜನೆಯನ್ನು ಇಲ್ಲಿ ನೆನೆಯಬಹುದು. ಈ ಎರಡು ಭಾಗಗಳ ನಡುವೆ ಕೆಲವು ಮೈಕ್ರೋ ಸೆಕೆಂಡ್ ಬಿಡುವು ಕೊಟ್ಟರೆ ಅದೇ ಪ್ರವಾಹ ಹೆಚ್ಚು ಗಟ್ಟಿಯಾಗಿ ಕೇಳಿಸುತ್ತದೆ. ಮೊದಲ ಭಾಗ ಮಾಡಿದ್ದನ್ನು ಎರಡನೆಯದು ತಕ್ಷಣ ಅಳಿಸಿಹಾಕುವುದಿಲ್ಲ ಎಂಬುದೇ ಕಾರಣ.

ಇನ್ನೊಂದು ದಾರಿ ಮಿಡಿತಗಳ ವೇಗ. ಸೆಕೆಂಡಿಗೆ ಹೆಚ್ಚು ಮಿಡಿತ ಕೊಟ್ಟಂತೆ ‘ಟಿ’ ಮಟ್ಟ ಕೆಳಗಿಳಿದು ವ್ಯಾಪ್ತಿ ಹಿಗ್ಗುತ್ತದೆ. ಪಟ್ಟಿ ಉದ್ದವಾಯಿತು! ಆದರೆ ಪ್ರಯೋಗಗಳು ಕಂಡುಕೊಂಡ ಮಾತು ಬೇರೆ. ವೇಗ ಹೆಚ್ಚಿಸಿದಾಗ ಗಟ್ಟಿತನದ ಸಣ್ಣ ಏರಿಳಿತಗಳನ್ನು, ವಿಶೇಷವಾಗಿ ಮೆಲ್ಲನೆಯ ಶಬ್ದಗಳಲ್ಲಿ, ಗುರುತಿಸುವುದು ಸುಧಾರಿಸದೆ ಹಲವೊಮ್ಮೆ ಕೆಡುತ್ತದೆ. ಪಟ್ಟಿಯೊಂದಿಗೆ ಪೆನ್ನೂ ದಪ್ಪವಾದಂತೆ. ಡೆಸಿಬೆಲ್ ಹೆಚ್ಚಿದ ಮಾತ್ರಕ್ಕೆ ಮೆಟ್ಟಿಲು ಹೆಚ್ಚುವುದಿಲ್ಲ ಎಂಬುದು ಇಲ್ಲಿಯ ಪಾಠ.

ಮೂರನೆಯ ಕೆಲಸ: ಗೆರೆಯನ್ನು ತೆಳುವಾಗಿಸುವುದು

ಕಾಕ್ಲಿಯಾ ದ್ರವದಿಂದ ತುಂಬಿದೆ, ದ್ರವ ವಿದ್ಯುದ್ವಾಹಕ. ಎರಡು ಎಲೆಕ್ಟ್ರೋಡ್‌ಗಳಲ್ಲಿ ಒಂದೇ ಕ್ಷಣ ಪ್ರವಾಹ ಹರಿದರೆ ಅವು ಕಲೆತು, ಯಾರೂ ಲೆಕ್ಕ ಹಾಕದಷ್ಟು ಗಟ್ಟಿತನ ಉಂಟಾಗಬಹುದು. 1991ರಲ್ಲಿ ಬ್ಲೇಕ್ ವಿಲ್ಸನ್ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ವಿಧಾನ ಇದಕ್ಕೆ ಪರಿಹಾರ ಕೊಟ್ಟಿತು: ಎಲೆಕ್ಟ್ರೋಡ್‌ಗಳು ಸರದಿಯಂತೆ, ಒಂದಾದ ಮೇಲೊಂದು ಮಿಡಿಯುತ್ತವೆ. ಮಿಡಿತಗಳ ಎತ್ತರ ಆಯಾ ಆವೃತ್ತಿ ಪಟ್ಟಿಯ ಗಟ್ಟಿತನದ ಏರಿಳಿತವನ್ನು ಅನುಸರಿಸುತ್ತದೆ. ಇಂದಿನ ಯಂತ್ರಗಳ ವಿಧಾನಗಳು ಬಹುಮಟ್ಟಿಗೆ ಇದರ ಕವಲುಗಳು. ಬಹು ಎಲೆಕ್ಟ್ರೋಡ್ ಇಂಪ್ಲಾಂಟ್ ರೂಪಿಸಿದ ಗ್ರೇಮ್ ಕ್ಲಾರ್ಕ್, ಇಂಗೆಬೋರ್ಗ್ ಹೋಖ್‌ಮೈರ್ ಅವರೊಂದಿಗೆ ವಿಲ್ಸನ್ ಅವರಿಗೂ 2013ರಲ್ಲಿ ಲಾಸ್ಕರ್ ಪ್ರಶಸ್ತಿ ಸಂದಿತು.

ಸರದಿ ಏರ್ಪಾಡಿನಲ್ಲಿಯೂ ಮಿದುಳು ಎಲ್ಲ ಎಲೆಕ್ಟ್ರೋಡ್‌ಗಳ ಗಟ್ಟಿತನವನ್ನು ಕೂಡಿಸಿಯೇ ಗ್ರಹಿಸುತ್ತದೆ. ಒಂದೊಂದನ್ನೇ ಪರೀಕ್ಷಿಸಿದಾಗ ಹಿತವೆನಿಸಿದ ಮಟ್ಟ, ಎಲ್ಲ ಒಟ್ಟಿಗೆ ಕೆಲಸ ಮಾಡುವಾಗ ಅತಿಯಾಗಬಹುದು. ಅದಕ್ಕೇ ತಜ್ಞರು ಕೊನೆಯಲ್ಲಿ ಮಾತು ಕೇಳಿಸಿ ಮಟ್ಟಗಳನ್ನು ಮತ್ತೆ ಹೊಂದಿಸುತ್ತಾರೆ. ಪ್ರವಾಹವನ್ನು ಪಕ್ಕದ ಎಲೆಕ್ಟ್ರೋಡ್‌ಗಳ ಮೂಲಕವೇ ಹಿಂದಿರುಗಿಸಿ ಒಂದೆಡೆ ಕೇಂದ್ರೀಕರಿಸುವ ವಿಧಾನಗಳೂ ಇವೆ. ಅವುಗಳಲ್ಲಿ ಅಷ್ಟೇ ಗಟ್ಟಿತನಕ್ಕೆ ಹೆಚ್ಚು ಪ್ರವಾಹ ಬೇಕು. ವಿನ್ಯಾಸದಲ್ಲಿ ಒಂದನ್ನು ಪಡೆಯಲು ಇನ್ನೊಂದನ್ನು ಬಿಡಬೇಕು ಎಂಬುದನ್ನು ಇದು ಮತ್ತೆ ಹೇಳುತ್ತದೆ.

ಕತೆಯೋ ಕತ್ತೆಯೋ?

ಗಟ್ಟಿತನದ ಏರಿಳಿತ ಕನ್ನಡ ಕೇಳುವ ಮಗುವಿಗೆ ಏಕೆ ಮುಖ್ಯ? ‘ಕತೆ’ ಮತ್ತು ‘ಕತ್ತೆ’ ಎಂದು ಹೇಳಿ ನೋಡಿ. ಎರಡನೆಯದರಲ್ಲಿ ‘ತ್ತ’ ಹೊರಡುವ ಮುನ್ನ ನಾಲಿಗೆ ಹಲ್ಲಿಗೆ ಒತ್ತಿ ಹೆಚ್ಚು ಹೊತ್ತು ನಿಲ್ಲುತ್ತದೆ. ಆ ಹೊತ್ತಿನಲ್ಲಿ ಶಬ್ದ ಬಹುತೇಕ ಇಲ್ಲ. ಕಿವಿ ಗುರುತಿಸಬೇಕಾದುದು ಗಟ್ಟಿತನದ ಇಳಿತ ಎಷ್ಟು ಹೊತ್ತು ಇತ್ತು ಎಂಬುದನ್ನು. ‘ಬಳಿ’, ‘ಬಳ್ಳಿ’ಯಂಥ ಜೋಡಿಗಳಲ್ಲಿಯೂ ಕಾಲದ ಲೆಕ್ಕವೇ ಮುಖ್ಯ. ‘ಸ’, ‘ಶ’ಗಳು ಸ್ವರಗಳಿಗಿಂತ ಬಹಳ ಮೆಲ್ಲಗಿವೆ. ಕೋಣೆಯ ಗದ್ದಲ ಆ ಸಣ್ಣ ಮೌನವನ್ನು ತುಂಬಿದರೆ ಕತ್ತೆ ಕತೆಯಾಗುತ್ತದೆ. ಮಗು ತಪ್ಪು ಬರೆದರೆ ನಾವು ‘ಒತ್ತಕ್ಷರ ಬರುವುದಿಲ್ಲ’ ಎಂದು ಕೆಂಪು ಗೆರೆ ಎಳೆಯುತ್ತೇವೆ. ಆ ತಪ್ಪು ಕಾಗುಣಿತದ್ದೋ ಕೇಳಿಸಿಕೊಂಡದ್ದೋ ಎಂದು ಮೊದಲು ನೋಡಬೇಕು.

ಜೋರಾಗಿ ಮಾತಾಡಬೇಕೇ?

ಬೇಡ. ಕೂಗಿದಾಗ ಸ್ವರಗಳು ಬೆಳೆಯುವಷ್ಟು ವ್ಯಂಜನಗಳು ಬೆಳೆಯುವುದಿಲ್ಲ; ಬೇಕಾದ ಇಳಿತಗಳು ಇನ್ನಷ್ಟು ಮಸುಕಾಗುತ್ತವೆ. ಅಲ್ಲದೆ ‘ಸಿ’ ಮಟ್ಟದ ಮೇಲೆ ಯಂತ್ರ ಹೋಗುವುದೇ ಇಲ್ಲ. ಜೋರಾದ ಶಬ್ದ ಬಂದೊಡನೆ ಸಂಸ್ಕಾರಕ ತನ್ನ ವರ್ಧನೆಯನ್ನು ತಾನೇ ತಗ್ಗಿಸಿಕೊಳ್ಳುತ್ತದೆ, ಅದರ ಹಿಂದೆಯೇ ಬಂದ ಮೆಲ್ಲನೆಯ ಮಾತೂ ತಗ್ಗುತ್ತದೆ. ಕನಕಪುರ ರಸ್ತೆಯ ಬಸ್ಸಿನ ಹಾರ್ನ್ ಕೇಳಿಬಂದ ಮರುಕ್ಷಣ ಹೇಳಿದ ವಾಕ್ಯವನ್ನು ಇನ್ನೊಮ್ಮೆ ಹೇಳುವುದು ಆದ್ದರಿಂದ ಒಳ್ಳೆಯ ಅಭ್ಯಾಸ.

ಮಾಡಬೇಕಾದುದು ಹತ್ತಿರ ಹೋಗುವುದು. ತೆರೆದ ಜಾಗದಲ್ಲಿ ದೂರ ಅರ್ಧವಾದರೆ ಮಾತು 6 ಡೆಸಿಬೆಲ್ ಹೆಚ್ಚುತ್ತದೆ, ಗದ್ದಲ ಮಾತ್ರ ಅಷ್ಟೇ ಇರುತ್ತದೆ. ಕೋಣೆಯಲ್ಲಿ ಈ ಲಾಭ ಸ್ವಲ್ಪ ಕಡಿಮೆಯಾದರೂ ಸಾಕಷ್ಟಿದೆ. ಕಪ್ಪುಹಲಗೆಯತ್ತ ಮುಖ ಮಾಡಿ ವಿವರಿಸಬಾರದು. ಸದ್ದು ಮಾಡುವ ಫ್ಯಾನಿನಿಂದಲೂ ರಸ್ತೆ ಬದಿಯ ಕಿಟಕಿಯಿಂದಲೂ ಮಗುವನ್ನು ದೂರ ಕೂರಿಸಬೇಕು. ಸಾಮಾನ್ಯ ದನಿಯಲ್ಲಿ, ಪದಗಳ ನಡುವೆ ಸಹಜ ಬಿಡುವು ಕೊಟ್ಟು ಮಾತನಾಡಬೇಕು. ಮಗುವಿಗೆ ನಿಸ್ತಂತು ಮೈಕ್ ಕೊಟ್ಟಿದ್ದರೆ ಅದನ್ನು ಧರಿಸಲು ಮರೆಯಬಾರದು.

ಶಿಕ್ಷಕರ ಟಿಪ್ಪಣಿ ಪುಸ್ತಕ

‘ಟಿ’ ಮತ್ತು ‘ಸಿ’ ಮಟ್ಟಗಳನ್ನು ಗೊತ್ತುಪಡಿಸುವಾಗ ದೊಡ್ಡವರಾದರೆ ‘ಕೇಳಿಸಿತು’, ‘ಸಾಕು’ ಎನ್ನುತ್ತಾರೆ. ಎರಡು ವರ್ಷದ ಮಗು ಹೇಳಲಾರದು. ಗಟ್ಟಿ ಶಬ್ದಕ್ಕೆ ನಡುಗಿವಿಯ ಪುಟ್ಟ ಸ್ನಾಯು ತಾನಾಗಿ ಬಿಗಿಯುವುದನ್ನು ಅಳೆದು ‘ಸಿ’ ಮಟ್ಟವನ್ನು, ನರದ ಸ್ಪಂದನವನ್ನು ಎಲೆಕ್ಟ್ರೋಡ್‌ನಿಂದಲೇ ಅಳೆದು ಒಂದು ಅಂದಾಜನ್ನು ತಜ್ಞರು ಪಡೆಯುತ್ತಾರೆ. ಅವು ಅಂದಾಜುಗಳೇ. ಉಳಿದದ್ದು ಮಗುವಿನ ವರ್ತನೆಯಿಂದ ತಿಳಿಯಬೇಕು. ಬೆಳೆದ ಮಕ್ಕಳಲ್ಲಿಯೂ, ಚಿಕ್ಕಂದಿನಿಂದ ಹಾಗೆಯೇ ಕೇಳಿದವರಿಗೆ ಅದೇ ಸಹಜವೆನಿಸಿ ದೂರು ಹೇಳುವುದೇ ಇಲ್ಲ.

ಆದ್ದರಿಂದ ಮೂರು ವಿಷಯಗಳನ್ನು ದಿನಾಂಕದೊಂದಿಗೆ ಬರೆದಿಡುವಂತೆ ಸಹಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ. ಒಂದು: ಶಾಲೆಯ ಗಂಟೆ, ಬೆಂಚು ಎಳೆದ ಸದ್ದಿಗೆ ಮಗು ಕಣ್ಣು ಮಿಟುಕಿಸುವುದು, ಸುರುಳಿಯನ್ನು ಕಿತ್ತುಹಾಕುವುದು ಇದೆಯೇ? ಇದ್ದರೆ ‘ಸಿ’ ಮಟ್ಟ ಹೆಚ್ಚಿರಬಹುದು. ಎರಡು: ಹಿಂದಿನಿಂದ ಸಾಮಾನ್ಯ ದನಿಯಲ್ಲಿ ಕರೆದರೆ ತಿರುಗುತ್ತದೆಯೇ? ತಿರುಗದಿದ್ದರೆ ಮಟ್ಟ ತಗ್ಗಿರಬಹುದು, ಬ್ಯಾಟರಿ ಮುಗಿದಿರಲೂಬಹುದು. ಮೂರು: ಬೆಳಿಗ್ಗೆ ಬಾಯಿ ಕಾಣದಂತೆ ‘ಆ, ಊ, ಈ, ಮ್, ಶ್, ಸ್’ ಎಂಬ ಆರು ಧ್ವನಿಗಳನ್ನು ಒಂದೊಂದಾಗಿ ಹೇಳಿ, ಮಗು ಮರಳಿ ಹೇಳುವುದೇ ಎಂದು ನೋಡುವುದು. ಡೇನಿಯಲ್ ಲಿಂಗ್ ರೂಪಿಸಿದ ಈ ಪರೀಕ್ಷೆಗೆ ಎರಡು ನಿಮಿಷ ಸಾಕು. ಮಾತಿನ ಆವೃತ್ತಿಗಳ ಉದ್ದಗಲವನ್ನು ಅದು ಮುಟ್ಟುತ್ತದೆ. ಇದನ್ನು ತರಗತಿಯ ಎದುರಲ್ಲಿ ಮಾಡದೆ, ಪ್ರಾರ್ಥನೆಗೆ ಮುಂಚೆ ಮಗುವಿನೊಂದಿಗೆ ಮಾತ್ರ ಮಾಡುವುದು ಒಳ್ಳೆಯದು.

ಮಟ್ಟವನ್ನು ಬದಲಿಸುವುದು ನಮ್ಮ ಕೆಲಸವಲ್ಲ. ನಾವು ಬರೆದ ಒಂದು ಪುಟವನ್ನು ಪೋಷಕರ ಕೈಯಲ್ಲಿ ಶ್ರವಣತಜ್ಞರಿಗೆ ತಲಪಿಸಿದರೆ, ಮುಂದಿನ ಹೊಂದಾಣಿಕೆಯಲ್ಲಿ ಅವರಿಗೆ ಮಗುವಿನ ಇಡೀ ದಿನದ ಸಾಕ್ಷಿ ದೊರೆಯುತ್ತದೆ. ಕೆಲವು ಮೈಕ್ರೋ ಆಂಪಿಯರ್ ವ್ಯತ್ಯಾಸದಿಂದ ಮಗುವೊಂದು ಯಂತ್ರವನ್ನು ದಿನವಿಡೀ ಧರಿಸಬಹುದು, ಅಥವಾ ಚೀಲದಲ್ಲಿ ಇಟ್ಟುಬಿಡಬಹುದು. ಭಾಷೆ ಬೆಳೆಯುವ ವಯಸ್ಸಿನಲ್ಲಿ ಚೀಲದಲ್ಲಿ ಕಳೆದ ತಿಂಗಳುಗಳನ್ನು ಮರಳಿ ತರಲಾಗದು.